ನಿಮ್ಮ ದೇವ್ರು ಯಾಕೆ ವಾಸಿ ಮಾಡಲ್ಲ ಅಂತ ಕೇಳೋರಿಗೆ

ಮೊದ್ಲು ಉತ್ತರ ಹೇಳ್ಬಿಡ್ತೀನಿ. ನನಗೆ ಗೊತ್ತಿಲ್ಲ. ಇಷ್ಟು ಸಾಕು ಅನ್ನೋರು ಇಲ್ಲಿಗೇ ಎದ್ದು ಹೋಗ್ಬಹುದು, ಬೇಜಾರಿಲ್ಲ.

ವಿಷ್ಯ ಏನಂದ್ರೆ ನಮ್ಮನೆಯವಳಿಗೆ ಎರಡೂ ಕಿಡ್ನಿ ಹೋಗಿ ಐದು ವರ್ಷ ಆಯ್ತು, ಬಿಪಿ ಇತ್ತು, ಇದೆ ಅಂತಾನೇ ಗೊತ್ತಿರ್ಲಿಲ್ಲ, ಗೊತ್ತಾಗೋ ಹೊತ್ತಿಗೆ ಎಲ್ಲಾ ಮುಗ್ದಿತ್ತು. ಈಗ ಮಂಗಳವಾರ, ಗುರುವಾರ, ಶನಿವಾರ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ನಾನು ಕೋಲಾರದ ಎಪಿಎಂಸಿಲಿ ಒಂದು ಟೊಮೇಟೊ ಮಂಡಿಲಿ ಲೆಕ್ಕ ಬರೆಯೋನು. ಅಲ್ಲಿ ಕೇಳ್ತಾರೆ, "ಇಷ್ಟೊಂದು ಪ್ರಾರ್ಥನೆ ಮಾಡ್ತೀಯಲ್ಲಣ್ಣಾ, ನಿಮ್ಮ ದೇವ್ರು ಯಾಕೆ ವಾಸಿ ಮಾಡಲ್ಲ?" ಅವರ ಮೇಲೆ ನನಗೆ ಕೋಪ ಇಲ್ಲ, ಪಾಪ ನೇರವಾಗಿ ಕೇಳ್ತಾರೆ. ನಮ್ಮ ಚರ್ಚ್ ಸಭೆಯವರು ಕೇಳೋ ರೀತಿ ಇದ್ಯಲ್ಲ, ಅದಕ್ಕೆ ಮೈ ಉರಿಯುತ್ತೆ. ಮೊದ್ಲು ಸ್ತೋತ್ರ ಬ್ರದರ್ ಅಂತಾರೆ, ಕೈ ಹಿಡ್ಕೊಂತಾರೆ, ಆಮೇಲೆ ಮೆಲ್ಲಗೆ, "ಮನೇಲಿ ಒಪ್ಕೊಳ್ಳದೇ ಇರೋ ಪಾಪ ಏನಾದ್ರೂ ಇದ್ಯಾ ಸ್ವಲ್ಪ ಪರೀಕ್ಷೆ ಮಾಡ್ಕೊಳ್ಳಿ." ಅಯ್ಯಾ, ಹುಟ್ಟುಕುರುಡನನ್ನ ತೋರಿಸಿ ಪಾಪ ಮಾಡಿದ್ದು ಇವನಾ ಇವನ ಅಪ್ಪ ಅಮ್ಮನಾ ಅಂತ ಶಿಷ್ಯರೂ ಇದನ್ನೇ ಕೇಳಿದ್ರು, ಇಬ್ರೂ ಅಲ್ಲ ಅಂತ ಯೇಸುಸ್ವಾಮಿನೇ ಹೇಳಿ ಆಗಿದೆ, ಯೋಹಾನ 9ನೇ ಅಧ್ಯಾಯ, ಮನೇಗ್ ಹೋಗಿ ಓದ್ಕೊಳ್ಳಿ.

ನಂಬಿಕೆ ಕಮ್ಮಿ ಅನ್ನೋರಿಗೆ ಇನ್ನೊಂದು ವಾಕ್ಯ ಇಟ್ಕೊಂಡಿದೀನಿ. ಎರಡನೇ ತಿಮೊಥೆಯ 4:20. ತ್ರೊಫಿಮ ಅನ್ನೋನಿಗೆ ಕಾಯಿಲೆ ಆಗಿತ್ತು, ಅವನನ್ನ ಮಿಲೇತದಲ್ಲೇ ಬಿಟ್ಟು ಬಂದೆ ಅಂತ ಪೌಲ ಬರೀತಾನೆ. ಅಷ್ಟೇ, ಮುಂದಕ್ಕೆ ಒಂದು ಮಾತೂ ಇಲ್ಲ. ಸತ್ತೋನನ್ನ ಎಬ್ಬಿಸಿದ ಪೌಲನೇ ಕಾಯಿಲೆ ಸ್ನೇಹಿತನನ್ನ ಬಿಟ್ಟು ಮುಂದಿನ ಊರಿಗೆ ಹೋಗಿದಾನೆ, ಅವನ ನಂಬಿಕೆ ಮೇಲೆ ಯಾರೂ ಗೃಹಕೂಟ ಇಟ್ಟು ಚರ್ಚೆ ಮಾಡ್ಲಿಲ್ಲ.

ಮೂರನೇ ತರದೋರು ಇದಾರೆ. "ಅಷ್ಟು ಪ್ರೀತಿ ಇದ್ರೆ ನೀವೇ ಒಂದು ಕಿಡ್ನಿ ಕೊಡ್ಬೋದಲ್ಲ." ನನಗೆ ಶುಗರ್ ಇದೆ ಸ್ವಾಮಿ, ಡಾಕ್ಟ್ರು ಮೊದಲನೇ ದಿನವೇ ಬೇಡ ಅಂದ್ರು. ಅಂಗಾಂಗ ದಾನ ನೋಡ್ಕೊಳ್ಳೋ ಸರ್ಕಾರದ ಜೀವಸಾರ್ಥಕತೆಲಿ ಹೆಸರು ಬರ್ಸಿದೀವಿ, ಕಾಯ್ತಿದೀವಿ. ನನ್ನ ಪ್ರೀತಿನ ಅಳೆಯೋಕೆ ಬಂದೋರು ತಮ್ಮದು ಒಂದು ಕೊಡೋಕೆ ಬಂದಿದ್ದನ್ನ ಮಾತ್ರ ನಾನು ಕಂಡಿಲ್ಲ.

ಇದೆಲ್ಲಾ ಬಿಟ್ಟು ಯಾರಾದ್ರೂ ಒಬ್ರು "ನೀವಿಬ್ರೂ ಈಗ್ಲೂ ಜಗಳ ಆಡ್ತೀರಾ?" ಅಂತ ಕೇಳ್ಬಾರ್ದಾ ಅನ್ಸುತ್ತೆ. ಇದಕ್ಕಾದ್ರೆ ನನ್ನತ್ರ ಪಕ್ಕಾ ಉತ್ತರ ಇದೆ. ಆಡ್ತೀವಿ. ದಿನಾ. ನೀರಿನ ಮೇಲೆ.

ಕೋಲಾರದೋರಿಗೆ ನೀರಿನ ಜಗಳ ಹೊಸದಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದ್ರೂ ಬರೀ ಧೂಳು ಬರೋದು ನೋಡಿರೋರು ನಾವು, 2018ರಲ್ಲಿ ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂದಾಗ ಅದು ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಬಿಟ್ಟಿದ್ದು ಅಂತ ಗೊತ್ತಿದ್ರೂ ಹೋಗಿ ನಿಂತ್ಕೊಂಡು ನೋಡ್ದೋರು. ಆದ್ರೆ ನಮ್ಮನೇದು ಬೇರೆ ತರದ ಬರ. ಅವಳಿಗೆ ದಿನಕ್ಕೆ 800 ಎಂ.ಎಲ್. ಸಾರು, ಕಾಫಿ, ಮಾತ್ರೆ ನುಂಗೋ ನೀರು ಎಲ್ಲಾ ಸೇರಿ. ಕುಡಿದಿದ್ದು ಹೊರಗೆ ಹೋಗೋಕೆ ದಾರಿ ಇಲ್ಲ, ಶ್ವಾಸಕೋಶಕ್ಕೆ ಸೇರ್ಕೊಂಡ್ರೆ ರಾತ್ರಿ ಮಲಗೋಕೂ ಆಗಲ್ಲ, ಕೂತ್ಕೊಂಡೇ ಉಸಿರಾಡ್ಬೇಕು. ತಮಾಷೆ ನೋಡಿ, ಡಯಾಲಿಸಿಸ್ ಮೆಷಿನ್‌ಗೆ ನಿಮಿಷಕ್ಕೆ ಅರ್ಧ ಲೀಟರ್ ಬೇಕು, ನಾಲ್ಕು ಗಂಟೆಗೆ 120 ಲೀಟರ್ ಅವಳ ರಕ್ತದ ಪಕ್ಕದಲ್ಲೇ ಹರ್ಕೊಂಡು ಹೋಗುತ್ತೆ, ಮಧ್ಯೆ ಒಂದು ತೆಳು ಪೊರೆ ಅಷ್ಟೇ, ಅವಳು ಅಲ್ಲೇ ಮಲ್ಕೊಂಡು ತುಟಿ ನೆಕ್ಕೊಂತಾ ಇರ್ತಾಳೆ.

ಟೊಮೇಟೊನೂ ಇಲ್ಲ, ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಕಿಡ್ನಿ ಹೋದೋರಿಗೆ ಅದೂ ಹೊರಗೆ ಹೋಗಲ್ಲ. ಎಳನೀರು ಇಲ್ಲ, ಶ್ರೀನಿವಾಸಪುರದ ಮಾವಿನಹಣ್ಣು ಇಲ್ಲ, ತರಕಾರಿನ ಬೇಯ್ಸಿ ನೀರು ಚೆಲ್ಲಿ ಆಮೇಲೆ ಒಗ್ಗರಣೆ, ಅಂದ್ರೆ ಬಸ್ಸಾರು ಮಾಡೋಳು ಬಸಿದಿದ್ದನ್ನ ಸಿಂಕ್‌ಗೆ ಸುರೀಬೇಕು. 2023ರ ಜುಲೈಲಿ ನಮ್ಮ ಮಂಡಿಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದಾಗ ಅವಳು ಟಿವಿ ನೋಡ್ಕೊಂಡು "ಈಗ ಇಡೀ ದೇಶ ನನ್ನ ಪಥ್ಯ ಮಾಡ್ತಿದೆ" ಅಂದ್ಲು.

ಮಂಡಿಲಿ ಬರೆದು ಬರೆದು ಅಭ್ಯಾಸ ಆಗಿರೋನಲ್ವಾ, ಅವಳು ಕುಡಿದಿದ್ದೆಲ್ಲಾ ಬರೆಯೋಕೆ ಮನೇಲೂ ಒಂದು ನೋಟ್‌ಬುಕ್ ಇಟ್ಟೆ. ಒಂದ್ಸಲ ಪಕ್ಕದ ಮನೆ ಅಕ್ಕ ಅಂತರಗಂಗೆಗೆ ಹೋಗಿ ಬಸವನ ಬಾಯಿಂದ ಬರೋ ತೀರ್ಥ ಹಿಡ್ಕೊಂಡು ಬಂದ್ರು, ಇವಳು ಎರಡು ಚಮಚ ಕುಡಿದ್ಲು, ಬೇರೆ ದೇವ್ರ ತೀರ್ಥ ಕುಡೀಬೋದಾ ಅಂತ ನಮ್ಮ ಸಭೇಲಿ ಒಬ್ರಿಗೆ ದೊಡ್ಡ ಚಿಂತೆ ಆಯ್ತು, ನಾನು ನೋಟ್‌ಬುಕ್‌ನಲ್ಲಿ 10 ಎಂ.ಎಲ್. ಅಂತ ಬರ್ದೆ.

ಎರಡು ವರ್ಷದ ಹಿಂದೆ ಶುಭ ಶುಕ್ರವಾರದ ಆರಾಧನೇಲಿ ಯೇಸುಸ್ವಾಮಿ ಶಿಲುಬೆ ಮೇಲೆ ಆಡಿದ ಏಳು ಮಾತಲ್ಲಿ ಐದನೇದರ ಮೇಲೆ ಮಾತಾಡೋಕೆ ನನಗೆ ಕೊಟ್ರು. "ನನಗೆ ನೀರಡಿಕೆಯಾಗಿದೆ." ಅಯ್ಯನೋರು ಬೇಕಂತ ಕೊಟ್ರೋ, ಪಟ್ಟಿ ಮಾಡುವಾಗ ಹಂಗೇ ಬಂತೋ. ನಾಲ್ಕು ಪುಟ ಬರ್ಕೊಂಡಿದ್ದೆ. ಆವತ್ತು ಬೆಳಿಗ್ಗೆ ಬಚ್ಚಲುಮನೇಲಿ ಇವಳು ಹಲ್ಲುಜ್ಜೋ ನೆಪದಲ್ಲಿ ನಲ್ಲಿಗೆ ಬಾಯಿ ಕೊಟ್ಟು ಕುಡೀತಿದ್ದಿದ್ದು ನೋಡ್ಬಿಟ್ಟೆ. "ಸಾಯ್ಬೇಕು ಅಂತಿದ್ರೆ ಕುಡಿ, ಬಕೆಟ್ ತುಂಬ್ಸಿ ಕೊಡ್ತೀನಿ" ಅಂದೆ. ಹೌದು, ಅಂದೆ. ಆರೋಗ್ಯದಲ್ಲೂ ರೋಗದಲ್ಲೂ ಅಂತ ಸಭೆ ಮುಂದೆ ಮಾತು ಕೊಟ್ಟಿದ್ದ ಅದೇ ಬಾಯಿ. ಅವಳು ಬಾಯಿ ಒರೆಸ್ಕೊಂಡು ಹೋಗಿ ಸೀರೆ ಉಟ್ಕೊಂಡ್ಲು.

ಎರಡು ಗಂಟೆ ಬಿಸಿಲಿಗೆ ಚರ್ಚ್‌ನ ಹೆಂಚು ಕಾದು ಎಲ್ರೂ ಬೀಸಣಿಗೆ ಬೀಸ್ಕೊಂತಾ ಇದ್ರು. ಪುಲ್ಪಿಟ್ ಹತ್ತಿ ನೋಡ್ತೀನಿ, ಮೂರನೇ ಬೆಂಚಲ್ಲಿ ಇವಳು, ತುಟಿ ಬಿರುಕು ಬಿಟ್ಟಿದೆ, ನನ್ನನ್ನೇ ನೋಡ್ತಿದಾಳೆ. ಹುಳಿರಸದಲ್ಲಿ ಅದ್ದಿದ ಸ್ಪಂಜನ್ನ ಹಿಸ್ಸೋಪಿನ ಕೋಲಿಗೆ ಸಿಕ್ಕಿಸಿ ಬಾಯಿಗೆ ಹಿಡಿದ್ರು ಅನ್ನೋ ತನಕ ಓದ್ದೆ. ಮೊಳೆ ಹೊಡೆಯೋಕೆ ಬಂದಿದ್ದ ಕಡೆನೇ ಯಾರೋ ಒಬ್ಬ ಕೋಲು ಹುಡುಕಿ ಬಾಯಿಗೆ ಏನೋ ಎತ್ತಿ ಹಿಡ್ದಿದಾನೆ, ನಾನು ಬೆಳಿಗ್ಗೆ ಎಂ.ಎಲ್. ಲೆಕ್ಕ ಹೇಳಿ ಬಂದಿದೀನಿ. ಉಳಿದ ಮೂರು ಪುಟ ಓದೋಕೆ ಆಗ್ಲಿಲ್ಲ. ಏನೋ ಎರಡು ಮಾತು ತೊದಲಿ ಇಳ್ದುಬಿಟ್ಟೆ.

ಆಚೆ ಬಂದ್ರೆ ಬಾಗಿಲಲ್ಲೇ ಒಬ್ರು ಹಿರಿಯರು ಕಣ್ಣು ಒರೆಸ್ಕೊಂಡು, "ಬಹಳ ಮುಟ್ತು ಬ್ರದರ್. ಇಷ್ಟು ನಂಬಿಕೆ ಇದ್ರೂ ಕರ್ತನು ಯಾಕೆ..." ಅಂತ ಶುರು ಮಾಡಿದ್ರು. ಮಜ್ಜಿಗೆ ಕೊಡ್ತಿದಾರೆ ನೋಡಿ ಅಂತ ಹೇಳಿ ಸ್ಕೂಟರ್ ತೆಗ್ದೆ.

ದಾರೀಲಿ ನಾನು ಮಾತಾಡ್ಲಿಲ್ಲ. ಕ್ಲಾಕ್ ಟವರ್ ಹತ್ರ ಹಿಂದಿಂದ ಅವಳೇ ಅಂದ್ಲು, "ರೀ, ಐದನೇ ಮಾತು ನನಗೆ ಕೊಟ್ಟಿದ್ರೆ ಎರಡೇ ನಿಮಿಷಕ್ಕೆ ಮುಗಿಸ್ತಿದ್ದೆ. ಉಳಿದೋರು ಎಷ್ಟು ಎಳೀತಾರಪ್ಪಾ." ನನಗೆ ನಗು ಬಂತು, ಅವಳಿಗೂ ಬಂತು, ಹಿಂದೆ ಇದ್ದ ಆಟೋದವನು ಹಾರ್ನ್ ಹೊಡೆದೇ ಹೊಡೆದ. ಬೆಳಿಗ್ಗೆ ಅಂದಿದ್ದಕ್ಕೆ ಸಾರಿ ಕೇಳ್ದೆ. "ಕೇಳ್ಸ್ತಿಲ್ಲ, ಗಾಡಿ ನೋಡ್ಕೊಂಡು ಓಡ್ಸಿ" ಅಂದ್ಲು.

ಮನೇಗ್ ಬಂದು ಒಂದು ಐಸ್ ತುಂಡು ಕೊಟ್ಟೆ, ಬಾಯಲ್ಲಿಟ್ಕೊಂಡು ಅವಳೇ ನೋಟ್‌ಬುಕ್ ತೋರ್ಸಿದ್ಲು, ಬರ್ಕೊಂಡೆ. ಮಾರನೇ ದಿನ ಶನಿವಾರ ಬೆಳಿಗ್ಗೆ ಆರಕ್ಕೆ ಶಿಫ್ಟು. ಗುರುವಾರ ಡಯಾಲಿಸಿಸ್ ಮುಗಿದಾಗ ಇದ್ದಿದ್ದಕ್ಕಿಂತ ಅವಳ ತೂಕ 2.6 ಕೆಜಿ ಜಾಸ್ತಿ ಬಂತು, ಮೈಯಲ್ಲಿ ನಿಂತ ನೀರು. ನನ್ನ ಲೆಕ್ಕದಲ್ಲಿ 1.8 ಬರ್ಬೇಕಿತ್ತು. ನರ್ಸಮ್ಮ ನನ್ನ ಮುಖ ನೋಡಿದ್ರು, ಇವಳು ಗೋಡೆ ನೋಡ್ತಿದ್ಲು. ಆ 800 ಎಂ.ಎಲ್. ಎಲ್ಲಿಂದ ಬಂತು ಅಂತ ನಾನು ಕೇಳ್ಲಿಲ್ಲ.