"ಕಲ್ಲಲ್ಲಿ ನಿಧಿ ವಿಚಾರ ಏನಾರ ಅದಾ ಸಾ?"

ಮಂಡ್ಯ ಸೀಮೆಯ ಯಾವ ಊರಿಗಾದರೂ ಹೋಗಿ, ಶಾಸನದ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಸಾಕು, ಹತ್ತು ನಿಮಿಷದೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. "ಏನ್ ಬರ್ದವ್ರೆ ಸಾ? ಚಿನ್ನಗಿನ್ನ ಎಲ್ಲದೆ ಅಂತ ಏನಾರ ಅದಾ?" ಅರಳಿಕಟ್ಟೆಯ ಯಜಮಾನರು ಕೇಳುತ್ತಾರೆ, ಕುರಿ ಮೇಯಿಸುವ ಹುಡುಗನೂ ಕೇಳುತ್ತಾನೆ. ಹಳ್ಳಿಯವರನ್ನೇ ಯಾಕೆ ಹೇಳಲಿ, ಮೈಸೂರಿನಲ್ಲಿ ಮದುವೆ ಊಟಕ್ಕೆ ಪಕ್ಕದ ಎಲೆಯಲ್ಲಿ ಕೂತ ಇಂಜಿನಿಯರ್ ಸಾಹೇಬರು ಕೂಡ ಪಾಯಸ ಬರುವ ಹೊತ್ತಿಗೆ ದನಿ ತಗ್ಗಿಸುತ್ತಾರೆ: "ಅಲ್ಲಾ, ನಿಜ ಹೇಳಿ, ಇಷ್ಟು ವರ್ಷ ಸುತ್ತಿದ್ದೀರಿ, ಏನೂ ಸಿಕ್ಕಿಲ್ವಾ?"

ಸಿಕ್ಕಿಲ್ಲ. ಸಿಗುವುದೂ ಇಲ್ಲ. ಬಚ್ಚಿಡುವವನು ಯಾರಾದರೂ ಆಳೆತ್ತರದ ಕಲ್ಲಿನಲ್ಲಿ ಅದನ್ನು ಕೊರೆಸಿ, ಊರ ನಡುವಿನ ದೇವಸ್ಥಾನದ ಮುಂದೆ ನಿಲ್ಲಿಸುತ್ತಾನೆಯೇ? ಶಾಸನ ನಿಲ್ಲಿಸುವುದೇ ನಾಲ್ಕು ಜನ ಓದಲಿ, ಮುಂದೆ ಯಾರೂ ತಕರಾರು ತೆಗೆಯದಿರಲಿ ಅಂತ. ಯಾರು ಯಾರಿಗೆ ಯಾವ ಗದ್ದೆ ಕೊಟ್ಟರು, ಅದರ ಮೂಡಲಿಗೆ ಏನು, ಪಡುವಲಿಗೆ ಯಾವ ಕೆರೆ, ಯಾವ ತೆರಿಗೆ ಬಿಟ್ಟರು, ತಪ್ಪಿದವನಿಗೆ ಯಾವ ಪಾಪ. ಮುಕ್ಕಾಲುಪಾಲು ಶಾಸನಗಳಲ್ಲಿ ಇರುವುದು ಇಷ್ಟೇ.

ಆದರೆ ಕೇಳುವವರು ಸುಮ್ಮನೆ ಕೇಳುತ್ತಾರೆ ಅಂತಲೂ ಹೇಳಲಾರೆ. "ನಿಧಿ" ಅನ್ನುವ ಎರಡಕ್ಷರ ಶಾಸನಗಳಲ್ಲಿ ನಿಜವಾಗಿಯೂ ಇದೆ! ವಿಜಯನಗರದ ಕಾಲದ, ಮೈಸೂರು ಒಡೆಯರ ಕಾಲದ ದಾನಶಾಸನಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ: "ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ". ಈ ಭೂಮಿಯಲ್ಲಿ ಹೂತಿದ್ದು, ಇಟ್ಟಿದ್ದು, ನೀರು, ಕಲ್ಲು, ಈಗ ಬೆಳೆದಿರುವುದು, ಮುಂದೆ ಬರಬಹುದಾದದ್ದು ಎಲ್ಲವೂ ನಿನ್ನದೇ ಅಂತ ದಾನ ಪಡೆದವನಿಗೆ ಕೊಡುವ ಹಕ್ಕು ಅದು. ವಕೀಲರ ಭಾಷೆ. ಅರ್ಧಂಬರ್ಧ ಓದಲು ಬರುವ ಯಾರೋ ಒಬ್ಬ ಮೊದಲೆರಡು ಪದ ಕೂಡಿಸಿಕೊಂಡು ಓದಿದ ಅಂದರೆ ಮುಗಿಯಿತು, ಅಮಾವಾಸ್ಯೆ ರಾತ್ರಿ ಹಾರೆ ಗುದ್ದಲಿ ಹೊರಟವು ಅಂತಲೇ ಲೆಕ್ಕ.

ಮದುವೆ ಮನೆಯ ಸಾಹೇಬರಿಗೆ ನಾನು ಹೇಳಿದ್ದು ಇದನ್ನೇ: ನಿಮ್ಮ ಸೈಟಿನ ಕ್ರಯಪತ್ರ ತೆಗೆದು ನೋಡಿ. ಹಳೇ ಕಾಲದ ಪತ್ರಬರಹಗಾರರು ಬರೆದ ಪತ್ರವಾದರೆ, ಷೆಡ್ಯೂಲಿನ ಆಸುಪಾಸಿನಲ್ಲಿ ಇದೇ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಇರುತ್ತದೆ. ಹಾಗಂತ ಕುವೆಂಪುನಗರದ ಮೂವತ್ತು-ನಲವತ್ತು ಸೈಟಿನಲ್ಲಿ ಕಾರ್ ಶೆಡ್ ಒಡೆದು ಯಾರಾದರೂ ಅಗೆದಿದ್ದಾರಾ? ಅವರು ನಕ್ಕರು. ಮನೆಗೆ ಹೋಗಿ ನೋಡಿಯೇ ಇರುತ್ತಾರೆ ಬಿಡಿ.

ಕಲ್ಲಿನ ಮೇಲಿನ ಚಿತ್ರಗಳದ್ದು ಇನ್ನೊಂದು ಕಥೆ. ಸೂರ್ಯ, ಚಂದ್ರ, ಹಸು-ಕರು, ಕತ್ತಿ, ಛತ್ರಿ ಹಿಡಿದ ಕುಳ್ಳ. ಇದನ್ನೆಲ್ಲ ನಿಧಿಯ ಗುರುತು ಅಂತ ಓದುವ ಪಂಡಿತರು ಊರಿಗೊಬ್ಬರು ಇರುತ್ತಾರೆ. ಸೂರ್ಯಚಂದ್ರರು ಇರುವತನಕ ಈ ದಾನ ನಡೆಯಲಿ ಅಂತ ಸೂರ್ಯಚಂದ್ರರನ್ನು ಬಿಡಿಸುತ್ತಾರೆ. ಛತ್ರಿ ಹಿಡಿದವನು ವಾಮನ. ವಿಷ್ಣು ದೇವಸ್ಥಾನಕ್ಕೋ ಬ್ರಾಹ್ಮಣರಿಗೋ ಬಿಟ್ಟ ಜಮೀನಿನ ಎಲ್ಲೆಯಲ್ಲಿ ನೆಡುತ್ತಿದ್ದ ವಾಮನಮುದ್ರೆ ಕಲ್ಲು ಅದು. ಶಿವಾಲಯದ ಜಮೀನಿಗೆ ಲಿಂಗಮುದ್ರೆ, ಬಸದಿಯ ಜಮೀನಿಗೆ ಮುಕ್ಕೊಡೆ, ಅಂದರೆ ಒಂದರ ಮೇಲೊಂದು ಮೂರು ಕೊಡೆ. ಸರ್ವೆಯವರು ನೆಡುವ ಬಾಂದುಕಲ್ಲಿನ ಮುತ್ತಾತಂದಿರು ಇವು. ಬಾಂದುಕಲ್ಲಿನ ಕೆಳಗೆ ಕೊಪ್ಪರಿಗೆ ಹುಡುಕುವವರಿಗೆ ಏನು ಹೇಳೋಣ?

ಒಂದು ಮಾತು ಮಾತ್ರ ಒಪ್ಪಲೇಬೇಕು. ದೇವಸ್ಥಾನ ಕಟ್ಟುವಾಗ ಗರ್ಭನ್ಯಾಸ ಅಂತ ಮಾಡುತ್ತಿದ್ದರು. ಆಗಮದ ಪ್ರಕಾರ ಸಣ್ಣ ಪಾತ್ರೆಯೊಂದರಲ್ಲಿ ಚೂರು ಲೋಹ, ರತ್ನ, ಧಾನ್ಯ, ಮಣ್ಣು ತುಂಬಿ ತಳಪಾಯದಲ್ಲಿ ಇಡುವುದು. ನಿಧಿಗಳ್ಳರು ಲಿಂಗದ ಬುಡವನ್ನೇ ಕೆದಕುವುದು ಈ ಕಾರಣಕ್ಕೆ. ಸಿಕ್ಕರೆ ಒಂದು ಹಿಡಿ ಕಾಳು, ಕಿಲುಬು ಹಿಡಿದ ತಗಡು. ಹೋಗುವುದು ಏಳೆಂಟು ನೂರು ವರ್ಷ ಅಲ್ಲಾಡದೆ ಕೂತಿದ್ದ ಲಿಂಗ. ನಂದಿಯ ಹೊಟ್ಟೆ ಒಡೆದಿರುವ ಗುಡಿಗಳನ್ನು ಈ ಸೀಮೆಯಲ್ಲಿ ಸುತ್ತಿದವರೆಲ್ಲ ನೋಡಿದ್ದಾರೆ. ಕಂಡಾಗ ಬರುವ ಸಿಟ್ಟನ್ನು ಇಲ್ಲಿ ಬರೆದರೆ ಸಭ್ಯವಾಗಿರುವುದಿಲ್ಲ. ಇನ್ನು ಕೊಪ್ಪರಿಗೆಯೇ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಬಾಯಿ ಮುಚ್ಚಿಕೊಂಡು ಮನೆಗೆ ಒಯ್ಯುವ ಹಾಗಿಲ್ಲ. 1962ರ ಕರ್ನಾಟಕ ನಿಧಿ ಕಾಯ್ದೆ ಇದೆ, ಸರ್ಕಾರಕ್ಕೆ ತಿಳಿಸಲೇಬೇಕು.

"ಮತ್ತೆ ಅದರಲ್ಲಿ ನೋಡೋಕೆ ಏನದೆ?" ಇದು ಎರಡನೇ ಪ್ರಶ್ನೆ. ಇದಕ್ಕೆ ನಾನು ಆತಕೂರಿನ ಕಲ್ಲಿನ ಕಥೆ ಹೇಳುತ್ತೇನೆ. ಮದ್ದೂರು ತಾಲ್ಲೂಕಿನ ಊರು. 949ರ ಸುಮಾರಿಗೆ, ಈಗ ತಮಿಳುನಾಡಿನಲ್ಲಿರುವ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ದೊಡ್ಡ ಕಾಳಗ ಆಯಿತು. ಕೃಷ್ಣನ ಕಡೆ ನಮ್ಮ ಗಂಗರ ಬೂತುಗ ಇದ್ದ. ಚೋಳ ರಾಜಾದಿತ್ಯ ಆ ಕಾಳಗದಲ್ಲೇ ಸತ್ತ. ಗೆದ್ದ ಮೇಲೆ ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರ (ಹನ್ನೆರಡು ಸಾವಿರ), ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಅಂತ ನಾಡಿಗೆ ನಾಡೇ ಉಡುಗೊರೆ. ಬೂತುಗನ ಕಡೆಯ ವೀರ ಮಣಲೆರ. ಅವನ ಶೌರ್ಯಕ್ಕೂ ಒಡೆಯ ಮೆಚ್ಚಿದ, ಬೇಡಿಕೋ ಅಂದ. ಅವನು ಬೇಡಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು.

ನಾಡು ಹಂಚುತ್ತಿರುವ ಸಭೆಯಲ್ಲಿ ನಾಯಿ ಕೇಳಿದವನು ಎಂಥ ಆಸಾಮಿ ಇರಬೇಕು! ಆಮೇಲೆ ಆ ಕಾಳಿಯನ್ನು ಕಾಡುಹಂದಿಯ ಮೇಲೆ ಬಿಟ್ಟರು. ಹಂದಿ, ನಾಯಿ ಎರಡೂ ಒಂದನ್ನೊಂದು ಕೊಂದು ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಗುಡಿಯ ಪೂಜಾರಿ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ತಟ್ಟಲಿ ಅಂತ ಕಟ್ಟಪ್ಪಣೆ ಬೇರೆ. ಕಲ್ಲಿನ ನೆತ್ತಿಯಲ್ಲಿ ಹಂದಿಯೂ ನಾಯಿಯೂ ಎದುರುಬದುರಾಗಿ ಬಿದ್ದಾಡುತ್ತಿವೆ. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದ ಬಗ್ಗೆ ಚರಿತ್ರೆ ಬರೆಯುವವರೆಲ್ಲ ಈ ನಾಯಿಯ ಕಲ್ಲಿಗೆ ಬಂದೇ ಬರಬೇಕು. ರಾಜಾದಿತ್ಯನನ್ನು ಬೂತುಗ ಕೊಂದ ವಿಷಯ ಕೊರೆದಿರುವುದು ಇದರಲ್ಲೇ. ಈ ಕಥೆ ಹೇಳಿದ ಮೇಲೆ ಹಳ್ಳಿಯಲ್ಲಿ ಯಾರೂ ಚಿನ್ನದ ಸುದ್ದಿ ಎತ್ತುವುದಿಲ್ಲ, ನಾಯಿಯ ಬಣ್ಣ ಯಾವುದು ಅಂತ ಕೇಳುತ್ತಾರೆ.

ಉತ್ಖನನ ಮಾಡುವವರಿಗೂ ಚಿನ್ನ ಬೇಕಿಲ್ಲ. ತಿ. ನರಸೀಪುರದಲ್ಲಿ, ಕಾವೇರಿ-ಕಪಿಲೆ ಕೂಡುವ ಕಡೆ, ಮೈಸೂರು ವಿಶ್ವವಿದ್ಯಾನಿಲಯದ ಶೇಷಾದ್ರಿಯವರು ನವಶಿಲಾಯುಗದ ನೆಲೆಯನ್ನು ಅಗೆದಾಗ ಸುದ್ದಿಯಾದ ವಸ್ತುಗಳಲ್ಲಿ ಒಂದು ಸುಟ್ಟ ಮಣ್ಣಿನ ತಲೆದಿಂಬು. ಅಲ್ಲಿನ ಕುಂಭಮೇಳಕ್ಕೆ ಹೋಗಿ ಮುಳುಗೆದ್ದು ಬರುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ನಿಮ್ಮೂರಿನ ಕಲ್ಲಲ್ಲಿ ಏನಿದೆ ಅಂತ ತಿಳಿಯುವುದು ಕಷ್ಟವೇನಲ್ಲ. ಬಿ. ಎಲ್. ರೈಸ್ 1886ರಲ್ಲಿ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳಲ್ಲಿ ತಾಲ್ಲೂಕುವಾರು, ಊರುವಾರು ಅಚ್ಚಾಗಿದೆ. ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಮುದ್ರಣದಲ್ಲಿ ಮಂಡ್ಯ ಜಿಲ್ಲೆಯದು ಆರು, ಏಳನೇ ಸಂಪುಟ. ದೇಶದ ಶಾಸನಗಳ ಪಡಿಯಚ್ಚು ಕಾಪಾಡುವ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗ 1966ರಲ್ಲಿ ಊಟಿಯಿಂದ ಮೈಸೂರಿಗೇ ಬಂತು. ಇಷ್ಟು ಹತ್ತಿರ ಇಟ್ಟುಕೊಂಡು ನಾವು ಯೂಟ್ಯೂಬಿನಲ್ಲಿ ನಿಧಿ ರಹಸ್ಯ ನೋಡುತ್ತೇವೆ.

ಕಲ್ಲು ಓದುವುದಕ್ಕೆ ಸಂಜೆ ನಾಲ್ಕೂವರೆ ಮೇಲೆ ಹೋಗಿ, ಓರೆ ಬಿಸಿಲಿಗೆ ಅಕ್ಷರ ಎದ್ದು ಕಾಣುತ್ತದೆ. ನೀರು ಚಿಮುಕಿಸಿ, ಮೆತ್ತನೆ ಬ್ರಷ್‌ನಲ್ಲಿ ಮಣ್ಣು ತೆಗೆದರೆ ಸಾಕು. ಮೊಳೆ, ತಂತಿಬ್ರಷ್ಷು, ಆಸಿಡ್ಡು, ಆಯಿಲ್ ಪೇಂಟು ಯಾವುದೂ ಬೇಡ.

ಹೊಲ ಹಸನು ಮಾಡುವಾಗ ಜೆಸಿಬಿಗೆ ಕಲ್ಲು ಸಿಕ್ಕರೆ? ಇಲಾಖೆಯವರಿಗೆ ಹೇಳಿದರೆ ಜಮೀನು ಹೋಗುತ್ತದೆ ಅಂತ ಹೆದರಿ ರಾತ್ರೋರಾತ್ರಿ ಕೆರೆಗೆ ತಳ್ಳುವವರಿದ್ದಾರೆ. ನೂರು ಮೀಟರ್ ಒಳಗೆ ಕಟ್ಟಬಾರದು ಅನ್ನುವ ನಿಯಮ ಇರುವುದು ಸರ್ಕಾರ ಸಂರಕ್ಷಿತ ಅಂತ ಘೋಷಿಸಿದ ಸ್ಮಾರಕಗಳಿಗೆ. ಬದುವಿನಲ್ಲಿ ಸಿಕ್ಕ ಒಂಟಿ ಕಲ್ಲಿಗೆ ತಾನಾಗಿಯೇ ಅನ್ವಯಿಸುವುದಿಲ್ಲ. ಬದುವಿನ ಮೇಲೇ ನಿಲ್ಲಿಸಿ, ಮೈಸೂರಿನಲ್ಲೇ ಇರುವ ರಾಜ್ಯ ಪುರಾತತ್ವ ಇಲಾಖೆಗೆ ಒಂದು ಫೋಟೋ ಕಳಿಸಿ. ಅಳತೆ ಗೊತ್ತಾಗುವ ಹಾಗೆ ಪಕ್ಕದಲ್ಲಿ ಸ್ಕೇಲ್ ಇಡಿ, ಇಲ್ಲದಿದ್ದರೆ ಬೆಂಕಿಪೊಟ್ಟಣವೂ ನಡೆಯುತ್ತದೆ. ಸೆಲ್ಫಿ ಮಾತ್ರ ಕಳಿಸಬೇಡಿ, ಅಕ್ಷರವೆಲ್ಲ ನಿಮ್ಮ ಹಿಂದೆ ಮರೆಯಾಗಿರುತ್ತದೆ.