ಫ್ಯಾಷನ್ ಮನೆಯ ಕೊಲೆಗಾರ ಮತ್ತು ಬಾವಾನ ಬೆಳಕು

ಮಾರಿಯೊ ಬಾವಾ 1964ರಲ್ಲಿ ತೆರೆಗೆ ತಂದ ‘ಸೇಯಿ ದೊನ್ನೆ ಪೆರ್ ಲಸ್ಸಾಸಿನೊ’ ಎಂಬ ಇಟಲಿಯ ಚಿತ್ರವನ್ನು ನಾನು ನೋಡಿದ್ದು ರೋಮ್ ನಗರದಲ್ಲಿಯೇ, ಮೊಂತೆವೆರ್ದೆ ಬಡಾವಣೆಯಲ್ಲಿರುವ ತಂಗಿಯ ಮನೆಯಲ್ಲಿ, ಬಿಡದೆ ಸುರಿಯುತ್ತಿದ್ದ ಮಳೆಯಿಂದಾಗಿ ಊರು ನೋಡುವ ಕಾರ್ಯಕ್ರಮಗಳೆಲ್ಲ ರದ್ದಾದ ಒಂದು ನವೆಂಬರ್ ಸಂಜೆ. ‘ಕೊಲೆಗಾರನಿಗೆ ಆರು ಹೆಂಗಸರು’ ಎಂಬರ್ಥದ ಆ ಹೆಸರಿಗಿಂತ ‘ಬ್ಲಡ್ ಅಂಡ್ ಬ್ಲ್ಯಾಕ್ ಲೇಸ್’ ಎಂಬ ಇಂಗ್ಲಿಷ್ ಹೆಸರೇ ಹೊರಗಿನವರಿಗೆ ಹೆಚ್ಚು ಪರಿಚಿತ. ಬೆಂಗಳೂರಿನ ಸೀರೆ ಅಂಗಡಿಗಳ ಕ್ಯಾಟಲಾಗಿಗೆ ಫೋಟೊ ತೆಗೆಯುವುದು ನನ್ನ ಉದ್ಯೋಗ. ಬಟ್ಟೆ, ಬಣ್ಣ, ಲೈಟು ಮತ್ತು ರೂಪದರ್ಶಿಯರ ನಡುವೆಯೇ ದಿನ ಕಳೆಯುವವಳಿಗೆ ಫ್ಯಾಷನ್ ಮನೆಯೊಂದರಲ್ಲಿ ನಡೆಯುವ ಕೊಲೆಗಳ ಕಥೆ ಇಷ್ಟವಾದೀತು ಎಂದು ತಂಗಿ ಆರಿಸಿಟ್ಟಿದ್ದಳು.

ಚಿತ್ರದ ಹೆಸರುಗಳು ತೆರೆಯ ಮೇಲೆ ಬರುವಾಗಲೇ ನಾನು ನೆಟ್ಟಗೆ ಕುಳಿತೆ. ಕಾರ್ಲೊ ರುಸ್ತಿಕೆಲ್ಲಿಯವರ ಸೋಮಾರಿ ನಡಿಗೆಯ ಸಂಗೀತಕ್ಕೆ ಸರಿಯಾಗಿ ನಟನಟಿಯರು ಒಬ್ಬೊಬ್ಬರಾಗಿ ಕಾಣಿಸಿಕೊಳ್ಳುತ್ತಾರೆ. ಆದರೆ ಯಾರೂ ಅಲುಗಾಡುವುದಿಲ್ಲ. ಬಟ್ಟೆ ತೊಡಿಸುವ ಗೊಂಬೆಗಳ ಪಕ್ಕದಲ್ಲಿ ತಾವೂ ಗೊಂಬೆಗಳೇ ಎಂಬಂತೆ, ಕೆಂಪು, ನೇರಳೆ, ಹಸಿರು ಬೆಳಕಿನಲ್ಲಿ ನಿಂತಿರುತ್ತಾರೆ. ಮುಂದೆ ಬರುವ ಕಥೆಯನ್ನೆಲ್ಲ ನಿರ್ದೇಶಕ ಇಲ್ಲಿಯೇ ಹೇಳಿಬಿಟ್ಟಿದ್ದಾನೆ ಎಂಬುದು ನನಗೆ ಆಮೇಲೆ ಹೊಳೆಯಿತು. ಅನಂತರ ಬಿರುಗಾಳಿ, ಸರಪಳಿ ಕಿತ್ತು ಜೋತಾಡುವ ಫ್ಯಾಷನ್ ಮನೆಯ ನಾಮಫಲಕ, ಕತ್ತಲಲ್ಲಿ ಕಾರಂಜಿ, ಮರಗಳ ನಡುವೆ ಅವಸರವಾಗಿ ನಡೆದು ಬರುವ ಒಬ್ಬ ಹುಡುಗಿ. ಅಷ್ಟರಲ್ಲಿ ತಂಗಿ ರಿಮೋಟ್ ಒತ್ತಿ ಚಿತ್ರವನ್ನು ನಿಲ್ಲಿಸಿದಳು.

“ಅಕ್ಕಾ, ತಡಿ ತಡಿ, ಇದು ನಮ್ಮ ಪಾರ್ಕು ಕಣೇ! ಪುಟ್ಟನ್ನ ದಿನಾ ಆಡಿಸೋಕೆ ಕರ್ಕೊಂಡು ಹೋಗ್ತೀನಲ್ಲ, ಅದೇ!”

ಅದು ವಿಲ್ಲಾ ಷಾರ್ರಾ. ಅವಳ ಮನೆಯಿಂದ ಕಾಲ್ನಡಿಗೆಯ ದೂರದಲ್ಲಿರುವ ಆ ಉದ್ಯಾನವೇ ಚಿತ್ರದಲ್ಲಿ ಫ್ಯಾಷನ್ ಮನೆಯ ಹೊರಾಂಗಣವಾಗಿತ್ತು. ಮೊದಲ ಕೊಲೆ ನಡೆಯುವುದು ಅಲ್ಲಿಯೇ ಎಂದು ತಿಳಿದಾಗ ಅವಳಿಗೆ ಮಗನನ್ನು ಇನ್ನು ಸಂಜೆಯ ಹೊತ್ತು ಅಲ್ಲಿಗೆ ಕರೆದೊಯ್ಯಬೇಕೋ ಬೇಡವೋ ಎಂಬ ಯೋಚನೆ ಶುರುವಾಯಿತು. ಅರವತ್ತು ವರ್ಷ ಹಿಂದಿನ ಸಿನಿಮಾ ಎಂದು ನಾನು ನೆನಪಿಸಬೇಕಾಯಿತು.

ಕಥೆ ದೊಡ್ಡದಲ್ಲ. ಕೌಂಟೆಸ್ ಕ್ರಿಸ್ತಿಯಾನಾ ಮತ್ತು ಮ್ಯಾನೇಜರ್ ಮಾಸ್ಸಿಮೊ ನಡೆಸುವ ಫ್ಯಾಷನ್ ಮನೆಯಲ್ಲಿ ಇಸಬೆಲ್ಲಾ ಎಂಬ ರೂಪದರ್ಶಿಯ ಕೊಲೆಯಾಗುತ್ತದೆ; ಅವಳು ಬರೆದಿಟ್ಟ ದಿನಚರಿಯಲ್ಲಿ ಎಲ್ಲರ ಗುಟ್ಟುಗಳೂ ಇವೆಯೆಂದು ಗೊತ್ತಾಗುತ್ತದೆ; ಅದು ಯಾರ ಕೈಗೆ ಸೇರುತ್ತದೋ ಅವರ ಜೀವಕ್ಕೆ ಸಂಚಕಾರ. ಇನ್‌ಸ್ಪೆಕ್ಟರ್ ಸಿಲ್ವೆಸ್ತ್ರಿ ಶಂಕಿತ ಗಂಡಸರನ್ನೆಲ್ಲ ಠಾಣೆಯಲ್ಲಿ ಕೂಡಿಹಾಕಿದ ರಾತ್ರಿಯೇ ಇನ್ನೊಂದು ಹೆಣ ಬೀಳುತ್ತದೆ. ಕೊಲೆಗಾರನ ಗುರುತು ಸಿಗುವುದನ್ನೇ ಕಾಯುತ್ತ ಕುಳಿತವರಿಗೆ ಈ ಚಿತ್ರ ಅಷ್ಟಾಗಿ ರುಚಿಸಲಾರದು, ಏಕೆಂದರೆ ಬಾವಾನಿಗೆ ಆ ಗುರುತಿನಲ್ಲಿ ಅಂತಹ ಆಸಕ್ತಿಯೇನೂ ಇದ್ದಂತಿಲ್ಲ. ಇಟಲಿಯಲ್ಲಿ ಮೊಂದಾದೋರಿ ಪ್ರಕಾಶನ 1929ರಿಂದ ಹಳದಿ ರಕ್ಷಾಪುಟದಲ್ಲಿ ಹೊರತಂದ ಪತ್ತೇದಾರಿ ಕಾದಂಬರಿಗಳ ಓದುಗರಿಗೆ ಒಗಟು ಬಿಡಿಸುವುದೇ ಮುಖ್ಯವಾಗಿತ್ತು. ಬಾವಾ ಆ ಒಗಟನ್ನು ಮೂಲೆಗೆ ತಳ್ಳಿ, ಕೊಲೆ ನಡೆಯುವ ಕೋಣೆ ಹೇಗೆ ಕಾಣಬೇಕು ಎಂಬುದನ್ನು ಮುಂದಕ್ಕೆ ತಂದ. ಆರು ವರ್ಷಗಳ ಬಳಿಕ, 1970ರಲ್ಲಿ, ದಾರಿಯೊ ಅರ್ಜೆಂತೊ ಮೊದಲ ಬಾರಿಗೆ ನಿರ್ದೇಶನಕ್ಕೆ ಇಳಿದಾಗ ಕಪ್ಪು ಕೈಗವಸಿನ ಕೊಲೆಗಾರ ಆ ಬಗೆಯ ಚಿತ್ರಗಳ ಗುರುತೇ ಆಗಿಹೋದ. ಬಾವಾನ ಈ ಚಿತ್ರ ಮಾತ್ರ ತನ್ನ ಕಾಲದಲ್ಲಿ ಇಟಲಿಯಲ್ಲಿ ಹೇಳಿಕೊಳ್ಳುವಂತಹ ಹಣ ಮಾಡಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಕೈಚೀಲ. ಫ್ಯಾಷನ್ ಪ್ರದರ್ಶನ ನಡೆಯುತ್ತಿದೆ. ರೂಪದರ್ಶಿಯರು ಒಳಗೆ ಬಟ್ಟೆ ಬದಲಿಸಿ ಹೊರಗೆ ಹೋಗಿ ನಗುನಗುತ್ತ ತಿರುಗಿ ಮತ್ತೆ ಒಳಗೆ ಬರುತ್ತಿದ್ದಾರೆ. ಸತ್ತ ಇಸಬೆಲ್ಲಾಳ ದಿನಚರಿ ನಿಕೋಲಳಿಗೆ ಸಿಕ್ಕಿದೆ, ಅದು ಅವಳ ಕಪ್ಪು ಕೈಚೀಲದಲ್ಲಿದೆ, ಚೀಲ ಮೇಜಿನ ಮೇಲಿದೆ. ನಿಕೋಲ ತನ್ನ ಸರದಿಗೆ ಹೊರಗೆ ಹೋಗಲೇಬೇಕು. ಅಲ್ಲಿ ಓಡಾಡುವವರೆಲ್ಲ ಪಿನ್ನು ಚುಚ್ಚುತ್ತಾರೆ, ಜಿಪ್ ಎಳೆಯುತ್ತಾರೆ, ಕನ್ನಡಿ ನೋಡುತ್ತಾರೆ, ಆದರೆ ಎಲ್ಲರ ಕಣ್ಣೂ ಒಂದಲ್ಲ ಒಂದು ನೆಪದಲ್ಲಿ ಆ ಚೀಲದ ಮೇಲೆ ಹಾದುಹೋಗುತ್ತದೆ. ಒಂದು ಹನಿ ರಕ್ತವಿಲ್ಲ, ಚೀರಾಟವಿಲ್ಲ. ಶೂಟಿಂಗ್ ದಿನ ಮೇಕಪ್ ಕೋಣೆಯಲ್ಲಿ ಇರುವ ಗಡಿಬಿಡಿ, ಒಬ್ಬರ ಮೇಲೆ ಒಬ್ಬರಿಗೆ ಇರುವ ಹೊಟ್ಟೆಕಿಚ್ಚು, ಮೇಲೆ ಮಾತ್ರ ಸಕ್ಕರೆಯಂತಹ ಮಾತು, ಇವನ್ನೆಲ್ಲ ಬಲ್ಲ ನನಗೆ ಇಡೀ ಚಿತ್ರದಲ್ಲಿ ಅತ್ಯಂತ ನಿಜವೆನಿಸಿದ್ದು ಇದೇ ದೃಶ್ಯ. ಸಹೋದ್ಯೋಗಿ ಸತ್ತಿದ್ದಾಳೆ, ಆದರೂ ಪ್ರದರ್ಶನ ನಿಲ್ಲುವುದಿಲ್ಲ. ನಮ್ಮಲ್ಲಿಯೂ ಹಾಗೆಯೇ, ಯಾರು ಬರಲಿ ಬಿಡಲಿ, ಹಬ್ಬದ ಕ್ಯಾಟಲಾಗು ಹಬ್ಬಕ್ಕೆ ಮುಂಚೆ ಅಚ್ಚಾಗಲೇಬೇಕು.

ನಿಕೋಲ ಅದೇ ರಾತ್ರಿ ಪ್ರಾಚೀನ ವಸ್ತುಗಳ ಅಂಗಡಿಯೊಂದಕ್ಕೆ ಹೋಗುವ ಭಾಗವನ್ನು ನಾನು ತಂಗಿಯಿಂದ ರಿಮೋಟ್ ಕಸಿದುಕೊಂಡು ಮತ್ತೆ ಮತ್ತೆ ನೋಡಿದೆ. ಕತ್ತಲೆಯ ಅಂಗಡಿಯಲ್ಲಿ ಹಳೆಯ ಕುರ್ಚಿಗಳು, ವಿಗ್ರಹಗಳು, ಕಬ್ಬಿಣದ ಯುದ್ಧಕವಚ. ಒಂದು ಮೂಲೆ ಹಸಿರು, ಇನ್ನೊಂದು ನೇರಳೆ, ನಡುವೆ ಆರಿ ಹತ್ತುವ ಬೆಳಕು. ಈ ಹಸಿರು ಎಲ್ಲಿಂದ ಬಂತು, ಅಂಗಡಿ ಮುಚ್ಚಿದ ಮೇಲೆ ನೇರಳೆ ದೀಪ ಹಚ್ಚುವವರು ಯಾರು ಎಂದು ಅಲ್ಲಿ ಕೇಳುವಂತಿಲ್ಲ. ಬಾವಾ ನಿರ್ದೇಶಕನಾಗುವ ಮೊದಲು ಬಹುಕಾಲ ಛಾಯಾಗ್ರಾಹಕನಾಗಿ ದುಡಿದವನು. ತಂದೆ ಯುಜೆನಿಯೊ ಬಾವಾ ಶಿಲ್ಪಿಯಾಗಿದ್ದು ಸಿನಿಮಾದ ಕ್ಯಾಮೆರಾ ಕೆಲಸಕ್ಕೆ ಬಂದವರು. ಈ ಚಿತ್ರಕ್ಕೆ ಉಬಾಲ್ದೊ ತೆರ್ಜಾನೊ ಛಾಯಾಗ್ರಾಹಕರೆಂದು ಹೆಸರಿದ್ದರೂ ಲೈಟುಗಳ ಮುಂದೆ ಬಣ್ಣದ ಹಾಳೆ ಇಟ್ಟ ಕೈ ಯಾರದೆಂದು ಊಹಿಸುವುದು ಕಷ್ಟವಲ್ಲ. ಬಜೆಟ್ಟು ಎಷ್ಟು ಬಿಗಿಯಾಗಿತ್ತೆಂದರೆ, ಫ್ಯಾಷನ್ ಮನೆಯೊಳಗೆ ಕ್ಯಾಮೆರಾ ಜಾರುತ್ತ ಸಾಗುವ ಆ ಶಾಟುಗಳಿಗೆ ಟ್ರಾಲಿಯ ಬದಲು ಮಕ್ಕಳ ಆಟದ ಗಾಡಿಯನ್ನು ಬಳಸಿದ್ದರೆಂದು ಚಿತ್ರದಲ್ಲಿ ದುಡಿದವರೇ ಮುಂದೆ ನೆನಪಿಸಿಕೊಂಡಿದ್ದಾರೆ. ನೋಡುವಾಗ ಇದು ತಿಳಿಯುವುದೇ ಇಲ್ಲ. ಕ್ಯಾಮೆರಾ ಅಷ್ಟು ಗಾಂಭೀರ್ಯದಿಂದ ಕೆಂಪು ಗೊಂಬೆಗಳನ್ನು ದಾಟಿ ಹೋಗುತ್ತದೆ.

ತುಟಿಗೂ ಮಾತಿಗೂ ತಾಳೆಯಾಗುತ್ತಿಲ್ಲ ಎಂದು ತಂಗಿ ಆಗಾಗ ಗೊಣಗಿದಳು. ಇಟಲಿ, ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಸೇರಿ ತಯಾರಿಸಿದ ಈ ಚಿತ್ರದಲ್ಲಿ ಮಾಸ್ಸಿಮೊನ ಪಾತ್ರದ ಕ್ಯಾಮರಾನ್ ಮಿಚೆಲ್ ಅಮೆರಿಕದವನು, ಕೌಂಟೆಸ್ ಪಾತ್ರದ ಇವಾ ಬಾರ್ಟೊಕ್ ಹಂಗರಿಯಲ್ಲಿ ಹುಟ್ಟಿದವಳು, ಇನ್‌ಸ್ಪೆಕ್ಟರ್ ಆದ ಥಾಮಸ್ ರೈನರ್ ಜರ್ಮನಿಯವನು. ಮಾತನ್ನೆಲ್ಲ ಆಮೇಲೆ ಡಬ್ಬಿಂಗ್ ಮಾಡುವುದು ಅಲ್ಲಿನ ಅಂದಿನ ರೂಢಿ.

ಹಾಗೆಂದು ಚಿತ್ರವನ್ನು ನಾನು ಪೂರ್ತಿ ಒಪ್ಪಿದೆನೆಂದಲ್ಲ. ಪೆಗ್ಗಿ ಎಂಬ ಹುಡುಗಿಯ ಮುಖವನ್ನು ಕೆಂಡದಂತೆ ಕಾದ ಒಲೆಗೆ ಒತ್ತುವ ದೃಶ್ಯ ಬಂದಾಗ ತಂಗಿ ಎದ್ದು ಅಡುಗೆಮನೆಗೆ ಹೋದಳು. ನಾನು ಕುಳಿತೇ ಇದ್ದೆ, ಆದರೆ ಬೆಳಕಿನ ಅಂದವನ್ನು ಮೆಚ್ಚುವ ಮನಸ್ಸು ಆಗ ಇರಲಿಲ್ಲ. ಆ ಹೆಂಗಸರಲ್ಲಿ ಒಬ್ಬಳ ಬಗ್ಗೆಯಾದರೂ ಅವಳಿಗೆ ಏನು ಬೇಕಿತ್ತು, ಯಾರನ್ನು ನೆಚ್ಚಿದ್ದಳು ಎಂದು ಸಾವಧಾನವಾಗಿ ಹೇಳಲು ಚಿತ್ರಕ್ಕೆ ಪುರುಸೊತ್ತಿಲ್ಲ. ಸಾಯುವಾಗ ಹೇಗೆ ಕಾಣುತ್ತಾಳೆ ಎಂಬುದಕ್ಕೆ ಮಾತ್ರ ಬೇಕಾದಷ್ಟು ಸಮಯವಿದೆ. ರೂಪದರ್ಶಿಯನ್ನು ಗೊಂಬೆಯಂತೆ ಕಾಣುವ ಉದ್ಯಮವನ್ನು ಬಾವಾ ತೋರಿಸುತ್ತಿದ್ದಾನೆ ಎಂದು ವಾದಿಸಬಹುದು, ಆ ವಾದದಲ್ಲಿ ಹುರುಳೂ ಇದೆ. ಆದರೆ ತೋರಿಸುತ್ತ ತೋರಿಸುತ್ತ ಅವನೂ ಹಾಗೆಯೇ ಕಾಣತೊಡಗುತ್ತಾನೆ.

ಮರುದಿನ ಮಳೆ ಬಿಟ್ಟಿತ್ತು. ಕಲಾಂದ್ರೆಲ್ಲಿ ರಸ್ತೆಯ ಗೇಟಿನಿಂದ ನಾವು ವಿಲ್ಲಾ ಷಾರ್ರಾದೊಳಗೆ ಹೋದೆವು. ಕಳೆದ ಶತಮಾನದ ಆರಂಭದಲ್ಲಿ ಜಾರ್ಜ್ ವುರ್ಟ್ಸ್ ಎಂಬ ಅಮೆರಿಕದ ಸಿರಿವಂತ ಈ ತೋಟವನ್ನು ಕೊಂಡು, ಲೊಂಬಾರ್ದಿಯ ಹಳೆಯ ಬಂಗಲೆಯೊಂದರ ಶಿಲ್ಪಗಳನ್ನು ತರಿಸಿ ಇಲ್ಲಿ ನಿಲ್ಲಿಸಿದ್ದ. ಮುಂದೆ ಅದು ಸಾರ್ವಜನಿಕ ಉದ್ಯಾನವಾಯಿತು. ಹಗಲು ಬೆಳಕಿನಲ್ಲಿ ಅಲ್ಲಿ ಭಯಪಡುವಂಥದ್ದು ಏನೂ ಇಲ್ಲ. ಮೂಗು ಮುಕ್ಕಾದ, ಪಾಚಿ ಹಿಡಿದ ಕಲ್ಲಿನ ಹೆಂಗಸರು, ನೀರಿಲ್ಲದ ಒಂದು ಕಾರಂಜಿ, ನಾಯಿ ಹಿಡಿದು ಬಂದ ಮುದುಕರು, ಕೆಸರಿನಲ್ಲಿ ಚೆಂಡು ಒದೆಯುವ ಹುಡುಗರು. ಹಿಂದಿನ ರಾತ್ರಿ ಕಂಡ ದಾರಿಯನ್ನು ಗುರುತಿಸಲು ಹೊರಟ ನಾನು ಸ್ವಲ್ಪ ಹೊತ್ತಿನಲ್ಲೇ ಆ ಪ್ರಯತ್ನ ಬಿಟ್ಟೆ, ಏಕೆಂದರೆ ನಾನು ನೋಡಿದ್ದು ಜಾಗವನ್ನಲ್ಲ, ಅದರ ಮೇಲೆ ಬಿದ್ದ ಬೆಳಕನ್ನು.

ಬೆಂಗಳೂರಿಗೆ ಮರಳಿದ ಮೇಲೆ ಆ ಬೆಳಕನ್ನು ಒಮ್ಮೆಯಾದರೂ ಪ್ರಯೋಗಿಸಿ ನೋಡುವ ಚಪಲ ಹೋಗಲಿಲ್ಲ. ಇಳಕಲ್ ಸೀರೆಗಳ ಶೂಟಿಂಗ್ ಮುಗಿದ ಮೇಲೆ ರೂಪದರ್ಶಿಯನ್ನು ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡು, ಒಂದು ಲೈಟಿಗೆ ಹಸಿರು ಹಾಳೆ, ಇನ್ನೊಂದಕ್ಕೆ ನೇರಳೆ ಹಾಳೆ ಕಟ್ಟಿ ತೆಗೆದೆ. ಹಸಿರು ಬೆಳಕು ಬಿದ್ದ ಕಡೆ ಟೋಪುತೆನೆಯ ಕೆಂಪು ಸೆರಗು ಕಡುಕಪ್ಪಾಯಿತು. ಬಿಳಿಯ ತೆನೆಗಳು ಹಸಿರು ಹಲ್ಲುಗಳಂತೆ ಎದ್ದು ಕಂಡವು. ಚಿತ್ರ ನನಗೆ ಬಹಳ ಹಿಡಿಸಿತು. ಅಂಗಡಿಯ ಮಾಲೀಕರು ಅದನ್ನು ಅತ್ತಿತ್ತ ತಿರುಗಿಸಿ ನೋಡಿ, “ಚೆನ್ನಾಗಿದೆ ಮೇಡಂ, ಆದ್ರೆ ಗಿರಾಕಿಗೆ ಸೀರೆ ಯಾವ ಬಣ್ಣ ಅಂತ ಗೊತ್ತಾಗ್ಬೇಕಲ್ಲ?” ಎಂದರು.

ಅವರ ಮಾತಿಗೆ ಎದುರು ಹೇಳಲು ಏನೂ ಇರಲಿಲ್ಲ. ಅಷ್ಟೊಂದು ಉಡುಪುಗಳು ಸುಳಿದಾಡುವ ಬಾವಾನ ಫ್ಯಾಷನ್ ಮನೆಯಲ್ಲಿ, ಕೊಲೆಯ ಆ ಕೋಣೆಗಳಿಗೆ ಬಂದಾಗ ಯಾವ ಬಟ್ಟೆಯ ನಿಜವಾದ ಬಣ್ಣವನ್ನೂ ನಂಬುವಂತಿಲ್ಲ. ಕೆಂಪು ನೇರಳೆಯಾಗುತ್ತದೆ, ಬಿಳಿ ಹಸಿರಾಗುತ್ತದೆ. ಅಲ್ಲಿ ಎಲ್ಲ ದೀಪಗಳ ಕೆಳಗೂ ತನ್ನ ಬಣ್ಣ ಉಳಿಸಿಕೊಳ್ಳುವ ಉಡುಪು ಒಂದೇ, ಕೊಲೆಗಾರನ ಕಪ್ಪು ಕೋಟು. ಅದರ ಮೇಲಿರುವ ಕಣ್ಣು ಮೂಗು ಕಾಣದ ಬಿಳಿಚಿದ ಮುಖವಾಡವಾದರೋ ಬಿದ್ದ ಬಣ್ಣವನ್ನೆಲ್ಲ ಹಿಡಿದುಕೊಳ್ಳುತ್ತದೆ. ಇಷ್ಟು ಯೋಚಿಸಿ ಆ ಉಡುಪನ್ನು ಆರಿಸಿದವನಿಗೆ ಮನಸ್ಸಿನಲ್ಲೇ ಕೈಮುಗಿದು, ಇಳಕಲ್ ಸೀರೆಗಳನ್ನು ಮಾಮೂಲಿ ಬಿಳಿ ಬೆಳಕಿನಲ್ಲಿ ತೆಗೆದಿದ್ದ ಚಿತ್ರಗಳನ್ನೇ ಅಚ್ಚಿಗೆ ಕಳುಹಿಸಿದೆ.