ಸುಮ್ನೆ ದುಡ್ಡು ಕೇಳಿದ್ರೆ ಆಗಲ್ವಾ, ಓಡೋದ್ಯಾಕೆ?

ಮದುವೆ ಮನೆಯ ಪಂಕ್ತಿಯಲ್ಲಿ, ಆಫೀಸಿನ ಲಿಫ್ಟಿನಲ್ಲಿ, ಲಾಲ್‌ಬಾಗ್‌ನಲ್ಲಿ ಬೆವರು ಒರೆಸಿಕೊಳ್ಳುತ್ತಾ ನಿಂತಾಗ, ಎಲ್ಲಾ ಕಡೆ ಇದೇ ಪ್ರಶ್ನೆ. "ಒಳ್ಳೇ ಕೆಲಸಕ್ಕೆ ದುಡ್ಡು ಬೇಕಂದ್ರೆ ಸುಮ್ನೆ ಕೇಳಿ. ಅದಕ್ಕೆ ಅಮೆರಿಕಕ್ಕೆ ಹೋಗಿ ಕಣಿವೆಯಲ್ಲಿ ಓಡಬೇಕಾ?"

ಸುಮ್ನೆ ಕೇಳಿಯೂ ನೋಡಿದ್ದೇನೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಮನೆ ಹತ್ತಿರ ಒಂದು ಚಿಕ್ಕ ಟ್ರಸ್ಟ್ ಇದೆ. ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗೆ ದೂರದ ಊರುಗಳಿಂದ ಬೆಂಗಳೂರಿಗೆ ಬರುವ ಅಪ್ಪ ಅಮ್ಮಂದಿರಿಗೆ ಉಳಿಯಲು ಜಾಗ, ಎರಡು ಹೊತ್ತು ಊಟ ಕೊಡುತ್ತದೆ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಈ ಊರಿನ ಬಾಡಿಗೆ ನಿಮಗೆ ಗೊತ್ತೇ ಇದೆ. ಮೂರು ವರ್ಷದ ಹಿಂದೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಅವರಿಗಾಗಿ ಒಂದು ಮೆಸೇಜ್ ಹಾಕಿದೆ. ಕೈಮುಗಿಯುವ ಚಿತ್ರಗಳು ಇಪ್ಪತ್ತೆರಡು ಬಂದವು. ದುಡ್ಡು ಬಂದದ್ದು ನಾಲ್ಕು ಮನೆಯಿಂದ. ಅಷ್ಟರಲ್ಲಿ ನೀರಿನ ಟ್ಯಾಂಕರ್ ಜಗಳ ಶುರುವಾಗಿ ನನ್ನ ಮೆಸೇಜ್ ಎಲ್ಲೋ ಮೇಲೆ ಹೋಯಿತು. ಜನರನ್ನು ದೂರುತ್ತಿಲ್ಲ. ಎರಡನೇ ಸಲ ಕೇಳಲು ನನಗೇ ನಾಚಿಕೆಯಾಯಿತು.

ಆಮೇಲೆ ಅಕ್ಕನ ಗೃಹಪ್ರವೇಶ ಬಂತು. ಅವಳಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಗ್ರ್ಯಾಂಡ್ ಕ್ಯಾನ್ಯನ್ ಅನ್ನುವ ಆ ದೊಡ್ಡ ಕಣಿವೆ ಅಲ್ಲಿಂದ ಕಾರಿನಲ್ಲಿ ಮೂರೂವರೆ ಗಂಟೆ. ಟಿಕೆಟ್ ನನ್ನ ದುಡ್ಡಿನದೇ. ಆ ದುಡ್ಡನ್ನೇ ಟ್ರಸ್ಟಿಗೆ ಕೊಡಬಹುದಿತ್ತಲ್ಲ ಅನ್ನುವವರೂ ಇದ್ದಾರೆ. ಕೊಡಬಹುದಿತ್ತು. ಆದರೆ ಕೊಡುತ್ತಿರಲಿಲ್ಲ, ಅದೂ ನಿಜವೇ. ಅದೇ ಗುಂಪಿನಲ್ಲಿ ಮತ್ತೆ ಬರೆದೆ: ಅಕ್ಟೋಬರ್ ಮೊದಲ ವಾರ ಕಣಿವೆಯ ಒಂದು ಅಂಚಿನಿಂದ ಇಳಿದು ಇನ್ನೊಂದು ಅಂಚಿಗೆ ಹತ್ತುತ್ತೇನೆ. 34 ಕಿಲೋಮೀಟರ್. ಕಿಲೋಮೀಟರಿಗೆ ನೂರು ರೂಪಾಯಿ ಯಾರು ಕೊಡುತ್ತೀರಿ?

ಈ ಸಲ ಕಥೆಯೇ ಬೇರೆ. ಮೂರನೇ ಮಹಡಿಯ ಆಂಟಿ ಸಿಕ್ಕಾಗಲೆಲ್ಲ "ಮಂಡಿ ಹೇಗಿದೆಯಪ್ಪಾ?" ಅನ್ನುತ್ತಿದ್ದರು. ಗೇಟಿನ ಸೆಕ್ಯುರಿಟಿಯವರು ಭಾನುವಾರ ನಸುಕಿಗೇ "ಇವತ್ತು ನಂದಿ ಬೆಟ್ಟಾನಾ ಸಾರ್?" ಅನ್ನುತ್ತಿದ್ದರು. ನಾನು ನೆನಪಿಸುವ ಮಾತೇ ಇರಲಿಲ್ಲ, ಅವರೇ ನೆನಪಿಟ್ಟುಕೊಂಡಿದ್ದರು.

ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುತ್ತಾರಲ್ಲ, ಅವರನ್ನು ಬಸ್ ಸಿಗಲಿಲ್ವಾ ಅಂತ ಯಾರೂ ಕೇಳಲ್ಲ. ದಾರಿಯುದ್ದಕ್ಕೂ ಜನ ಮಜ್ಜಿಗೆ, ಹಣ್ಣು ಹಿಡಿದು ನಿಂತಿರುತ್ತಾರೆ. ನಡೆಯಲಾಗದವರಿಗೆ ಮಜ್ಜಿಗೆ ಕೊಡುವ ಅವಕಾಶ. ನಡೆಯುವವರಿಲ್ಲದೆ ಆ ಮಜ್ಜಿಗೆಯನ್ನು ಯಾರಿಗೆ ಕೊಡುವುದು? ನನ್ನ ಓಟವೂ ಅಷ್ಟೇ.

ಕಣಿವೆ ತಲೆಕೆಳಗಾದ ಬೆಟ್ಟ. ನಂದಿಯಲ್ಲಿ ಸುಸ್ತಾದರೆ ವಾಪಸ್ ಇಳಿದು ಕಾಫಿ ಕುಡಿಯಬಹುದು. ಇಲ್ಲಿ ಇಳಿಜಾರು ಮೊದಲು, ಸುಸ್ತಾದ ಮೇಲೆ ಏರು. ಸೌತ್ ಕೈಬಾಬ್ ದಾರಿ 2,213 ಮೀಟರ್ ಎತ್ತರದಲ್ಲಿ ಶುರುವಾಗಿ, 11 ಕಿಲೋಮೀಟರಿನಲ್ಲಿ ಕೊಲೊರಾಡೊ ನದಿಯ ಪಕ್ಕ ಸುಮಾರು 750 ಮೀಟರಿಗೆ ಇಳಿಯುತ್ತದೆ. ದಾರಿಯಲ್ಲಿ ಕುಡಿಯಲು ನೀರೇ ಇಲ್ಲ. ಆಮೇಲೆ ನಾರ್ತ್ ಕೈಬಾಬ್ ದಾರಿಯಲ್ಲಿ 2,512 ಮೀಟರಿಗೆ ಹತ್ತಬೇಕು. ನಂದಿ ಬೆಟ್ಟಗಳನ್ನು ಒಂದರ ಮೇಲೊಂದು ಮೂರು ಪೇರಿಸಿದ ಹಾಗೆ. ಹೇಸರಗತ್ತೆಗಳು ಎದುರು ಬಂದರೆ ಬದಿಗೆ ಸರಿದು ಅಲುಗಾಡದೆ ನಿಲ್ಲಬೇಕು. ಅಲ್ಲಿ ಅವುಗಳಿಗೇ ಮೊದಲ ದಾರಿ. ಉಸಿರಾಡಿಕೊಳ್ಳಲು ಅದೇ ಒಳ್ಳೇ ನೆಪ.

ಕೆಳಗಿನ ಕಪ್ಪು ಬಂಡೆಗಳ ಹೆಸರು ಕೇಳಿದರೆ ನಗು ಬರುತ್ತದೆ: ವಿಷ್ಣು, ಬ್ರಹ್ಮ, ರಾಮ. 170 ಕೋಟಿ ವರ್ಷಕ್ಕೂ ಹಳೆಯವು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ "ಹಾಗಿದ್ರೆ ಚಪ್ಪಲಿ ಬಿಟ್ಟು ಓಡಬೇಕಿತ್ತು" ಅಂದಳು. ನನಗೆ ಹೊಳೆದದ್ದು ಬೇರೆ. ನಾನು ದಿನಾ ಬೆಳಿಗ್ಗೆ ಕಾಲು ಚಾಚಿ ಕೂರುವ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ವಯಸ್ಸಿನಲ್ಲಿ ನಮ್ಮದೇ ಹಿರಿದು!

ಆ ಕಣಿವೆಯಲ್ಲೇ ಒಂದು ತಪ್ಪು ಮಾಡಿದೆ. ಬಿಸಿಲಿಗೆ ಹೆದರಿ ನೀರು ಕುಡಿದೇ ಕುಡಿದೆ, ತಿನ್ನುವುದನ್ನು ಮರೆತೆ. ಬೆರಳು ಊದಿದವು, ಹೊಟ್ಟೆ ತೊಳಸಿತು. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರು ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಕಮ್ಮಿಯಾಗುತ್ತದೆ. ವಿಪರೀತವಾದರೆ ಜೀವಕ್ಕೇ ಅಪಾಯ. ನೆರಳಿನಲ್ಲಿ ಕೂತು ನೀರು ನಿಲ್ಲಿಸಿ, ಅಕ್ಕ ಕಟ್ಟಿಕೊಟ್ಟಿದ್ದ ಕೋಡುಬಳೆ ಒಂದೊಂದಾಗಿ ತಿಂದೆ. ಮುಕ್ಕಾಲು ಗಂಟೆ ಹೋಯಿತು. ಅಲ್ಲಿಂದ ಮುಂದೆ ಓಡಿದೆ ಅಂದರೆ ಸುಳ್ಳಾಗುತ್ತದೆ. ನಡೆದೆ, ನಿಂತೆ, ನಡೆದೆ. ಒಟ್ಟು ಹನ್ನೊಂದು ಗಂಟೆ.

ಮೇಲೆ ಭಾವ ಕಾರು ಇಟ್ಟುಕೊಂಡು ಕಾಯುತ್ತಿದ್ದರು. ಎರಡು ಅಂಚಿನ ನಡುವೆ ನೇರ ಅಳೆದರೆ 16 ಕಿಲೋಮೀಟರ್, ರಸ್ತೆಯಲ್ಲಿ ಸುತ್ತಿ ಬಂದರೆ 340. ನಾನು ಓಡಿದ್ದು 34, ಅವರು ಓಡಿಸಿದ್ದು 340. ಈ ಲೆಕ್ಕವನ್ನು ಅವರು ಇವತ್ತಿಗೂ ಬಿಟ್ಟಿಲ್ಲ.

ಈ ಸಲ ಕೊಟ್ಟವರು 91 ಜನ. ಒಂದು ರೂಪಾಯಿಯೂ ನನ್ನ ಫೋನಿಗೆ ಬರದ ಹಾಗೆ ನೋಡಿಕೊಂಡೆ, ಎಲ್ಲಾ ನೇರ ಟ್ರಸ್ಟಿನ ಖಾತೆಗೆ. ನೀವೂ ಹೀಗೇನಾದರೂ ಮಾಡುವುದಾದರೆ ಹಾಗೇ ಮಾಡಿ. ನಗದು ಬೇಡ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟವರಿಗೆ ದೇಣಿಗೆಯ ಮೇಲಿನ ಆದಾಯ ತೆರಿಗೆ ವಿನಾಯಿತಿಯೂ ಸಿಗಲ್ಲ. ಅಕ್ಕನ ದುಡ್ಡು ಮಾತ್ರ ತೆಗೆದುಕೊಳ್ಳಲಾಗಲಿಲ್ಲ. ಅವಳೀಗ ಅಮೆರಿಕದ ಪ್ರಜೆ. ವಿದೇಶಿ ದೇಣಿಗೆಗೆ ಬೇಕಾದ ಎಫ್‌ಸಿಆರ್‌ಎ ನೋಂದಣಿ ಈ ಚಿಕ್ಕ ಟ್ರಸ್ಟಿಗಿಲ್ಲ. "ನಂದು ಕೋಡುಬಳೆ ಅಂತ ಬರ್ಕೋ" ಅಂದಳು.

ಚಿಕ್ಕಪ್ಪ 3,400 ಕೊಡುತ್ತೇನೆ ಅಂದಿದ್ದರು. ನಾನು ಅರ್ಧ ದಾರಿ ನಡೆದೆ ಅಂತ ತಿಳಿದ ಮೇಲೆ 1,700 ಕಳಿಸಿ, "ಓಡಿದ್ದಕ್ಕೆ ಮಾತ್ರ" ಅಂತ ಬರೆದರು. ಈ ಡಿಸೆಂಬರಿನಲ್ಲಿ ನಂದಿ ಬೆಟ್ಟವನ್ನು ಒಂದೇ ದಿನ ಮೂರು ಸಲ ಹತ್ತುತ್ತಿದ್ದೇನೆ. ಚಿಕ್ಕಪ್ಪ ಸ್ಕೂಟರಿನಲ್ಲಿ ಹಿಂದೆ ಬರುತ್ತಾರಂತೆ, ಓಡುತ್ತೇನೋ ಇಲ್ವೋ ಅಂತ ನೋಡುವುದಕ್ಕೆ.